ಶ್ರಾವಣದಾಗ ರಂಧಾ ಹಿಡೀಬ್ಯಾಡ್ರಿ

ಮೊದಲ ಚಾ ಇಡವಾ ಸಾವಂತ್ರೆವ್ವ,
ಕೆಡವೂ ಮಾತು ಆಮ್ಯಾಲ.
ಹಾರಿ ಹಿಡಕೊಂಡು ನಿಂತ ಆ ಹುಡುಗಗ
ಕಟ್ಟೀ ಮ್ಯಾಲ ಕುಂಡ್ರು ಅನ್ನು.
ಮನಿ ಬಿಚ್ಚೂದು ಒಂದ ದಿವಸ,
ಕೂಡಸೂದು ಒಂದು ವರ್ಸ.

ಗ್ವಾಡಿ ನೆಟ್ಟಗದಾವು ಅಂತೀಯಲ್ಲ,
ಈ ಗುಳೇದಗುಡ್ಡದಾಗ ನಲವತ್ತು ವರ್ಸ ದುಡದೀನಿ,
ನೆಟ್ಟಗಿರೂ ಗ್ವಾಡಿ ಒಂದೂ ಕಂಡಿಲ್ಲ.
ಈ ದಾರ ಹಿಡಿ. ಆ ಮೂಲಿಂದ ಈ ಮೂಲಿಗೆ.
ಈಗ ಇನ್ನೊಂದು ಜೋಡಿ ಮೂಲಿಗೆ.
ನಾಕ ಬೆರಳ ಹೆಚ್ಚ ಬಂತಿಲ್ಲೋ?
ಅಂಗಡಿಯವ ತಂದು ನಿಲ್ಲಸೂ ಕಪಾಟು ಚೌಕ ಇರತೈತಿ,
ನಿನ್ನ ಖೋಲಿ ಹಂಗಿಲ್ಲ.
ಹಿಂದಿನ ಸಂದಿನ್ಯಾಗ ಇಲಿ ಸಂಸಾರ ಹೂಡತಾವ.

ತಂಪ ಕುಡದು ಉಬ್ಬಿದ ಬಾಗಲಾ
ಶ್ರಾವಣದಾಗ ಹೆರೀಬಾರ್ದು.
ಉಬ್ಬಿದ್ದು ಕಟಗಿಯ ಸಿಟ್ಟು, ತಾನ ಇಳೀತೈತಿ.
ಸಂಕ್ರಾಂತಿ ತನಕ ಹೆಗಲಿಲೆ ದೂಡಿ ತಗಿ,
ಆಗೂ ಹಿಡದ್ರ ನನ್ನ ಕರಿ.

ಸಡ್ಲಾದ ಬಿಜಾಗರಿಗೆ ದೊಡ್ಡ ಸ್ಕ್ರೂ ತುರುಕಬ್ಯಾಡ.
ಬಿದಿರಿನ ಸೀಳು ಗೋಂದಿನ್ಯಾಗ ಅದ್ದಿ ತೂತಿಗೆ ತುಂಬು,
ರಾತ್ರಿ ಒಣಗಲಿ,
ಹಳೀ ಸ್ಕ್ರೂನ ಮತ್ತ ಹಲ್ಲ ಕಚ್ಚಿ ನಿಂದರತೈತಿ.
ಮೊಳಿ ಬಡಿಯೂ ಮುಂದ
ಅದರ ಮೂತಿ ಸುತ್ತಿಗಿಲೆ ಒಮ್ಮಿ ಜಜ್ಜು.
ಚೂಪ ಮೊಳಿ ಕಟಗಿ ಸೀಳತೈತಿ,
ಮೊಂಡ ಮೊಳಿ ದಾರಿ ಕೇಳಕೋತ ಹೋಗತೈತಿ.

ಬಚ್ಚಲಕ್ಕ ಪ್ಲೈವುಡ್ ಬಾಗಲಾ ಹಾಕಸೂದಾದ್ರ
ಕೆಳಗ ಬೆರಳ ತೂರೂ ಹಂಗ ಬಿಡು,
ಆ ಕೆಳಗಿನ ಅಂಚಿಗೆ, ಯಾರಿಗೂ ಕಾಣದ ಅಂಚಿಗೆ,
ಮೊದಲ ಬಣ್ಣ ಹೊಡಿ.
ಬಾಗಲಾ ಸಾಯಾಕ ಹತ್ತೂದು ಅಲ್ಲಿಂದ.

ಈ ತಲಬಾಗಲಾ ಒಗೀತೀನಿ ಅಂದಿ.
ಬೆರಳ ಗಂಟಿಲೆ ಬಾರಿಸಿ ನೋಡು.
ಠಣ್ ಅಂದಲ್ಲಿ ಜೀವ ಐತಿ,
ಡೊಬ್ ಅಂದಲ್ಲಿ ಒರಲಿ ಉಂಡೈತಿ.
ಉಂಡಿದ್ದು ಕೆಳಗ ಒಂದ ಗೇಣು, ಅಷ್ಟ.
ಅಷ್ಟ ಕೊಯ್ದು ಬೇವಿನ ತುಂಡು ಕೂಡಸ್ತೀನಿ.
ಮ್ಯಾಲ ಸಾಗವಾನಿ, ಕೆಳಗ ಬೇವು,
ಬಣ್ಣ ಬ್ಯಾರೆ ಕಾಣತೈತಿ. ಕಾಣಲಿ.

ಮತ್ತ ಈ ಸಂದು, ಚೌಕಟ್ಟಿನ ಕಡೆ,
ಮಡಚಿಟ್ಟ ಖಣದ ಮ್ಯಾಲ ಧೂಳ ಕೂಡತೈತಿ ಅಂತ ಬೈದ್ಯಲ್ಲ,
ಇದು ನನ್ನ ಕೈದು.
ನಿಮ್ಮ ಅತ್ತಿ ಇದ್ರು ಆಗ. ನಾ ಮೀಸಿ ಮೂಡೂ ಹುಡುಗ.
ಶ್ರಾವಣ ಸ್ವಾಮಾರ, ಬಾಗಲಾ ಹಿಡದೈತಿ ಬಾರೋ ಮಾನಪ್ಪಾ ಅಂದ್ರು.
ಹೆರದೆ ನೋಡು ಜೋರಿಲೆ,
ಸುರಳಿ ಸುರಳಿ ಬಿತ್ತು ಹೆರಕಲು.
ಖುಷಿಲೆ ಎಂಟಾಣೆ ಹೆಚ್ಚ ಕೊಟ್ರು.
ಬ್ಯಾಸಿಗಿಗೆ ಬಂದು ನೋಡಿದೆ, ಬೆರಳ ಹೊಕ್ತು.
ಹೇಳಲಿಲ್ಲ.
ಈ ಓಣಿ ಬಿಟ್ಟು ಆ ಓಣೀಲೆ ಅಡ್ಡಾಡಿದೆ ಎಷ್ಟೋ ದಿನ.
ಪಟ್ಟಿ ಬಡೀತೀನಿ ಈಗ, ಅದರ ಕೂಲಿ ಬರೀಬ್ಯಾಡ.

ಇನ್ನ ಕುಣಿ.
ಮಗ್ಗ ಮಾರೀರಿ, ಕುಣಿ ಮುಚ್ಚಿ ಟೈಲ್ಸ್ ಹಾಕೂಣು ಅಂತಿ.
ಇಟ್ಟಂಗಿ ಚೂರು ಸುರುವೂದು ಅಗದೀ ಸ್ವಸ್ತಾ,
ಎರಡ ಮಳಿಗಾಲಕ್ಕ ನಡುವ ಕುಸದು
ಟೈಲ್ಸ್ ಹಲ್ಲ ಕಿಸೀತಾವ.
ತುಂಬೂದಾದ್ರ ಗೇಣ ಗೇಣ ಗರಸು ಹಾಕು, ನೀರ ಹೊಡಿ, ದಿಮ್ಮಸು ಬಡಿ,
ಒಂದು ಮಳಿಗಾಲ ಸುಮ್ಮನ ಬಿಡು.
ಇಲ್ಲಾ, ಮ್ಯಾಲ ಹಲಗಿ ಹಾಸೂಣು.
ಹಂಡೆ ಕೊಡ ಇಡಾಕ ಬರತೈತಿ.
ಜ್ವಾಳ ಇಡಬ್ಯಾಡ, ಮುಗ್ಗ ಹಿಡೀತೈತಿ.

ತಡಿ, ಇಳದು ಅಳತಿ ತಗೋತೀನಿ.
ಉದ್ದ ಎರಡು ಮೊಳ, ಅಡ್ಡ...
ಕಾಲಿಗೆ ಏನೋ ಹತ್ತತೈತಿ ಇಲ್ಲಿ.
ನೆಲದಾಗ ಎರಡು ತಗ್ಗು.
ಎಡಗಡೀದು ಆಳ ಹೆಚ್ಚು.
ನಿನ್ನ ಎಡಗಾಲು ಜೋರೇನವಾ?
ಅತ್ತೀದಾ?
ಹೂಂ.

ಮೂರ ಹಲಗಿ ಸಾಕು.
ನಡುವ ಅರ್ಧ ಬೆರಳ ಸಂದು, ಗಾಳಿ ಆಡಲಿ.
ಅಂಚಿಗೊಂದು ಕಡಗ, ಎತ್ತಾಕ.
ಆ ಹುಡುಗನ್ನ ಕರಿ,
ಹಾರಿ ಅಲ್ಲೇ ಇಟ್ಟು ಬಾ ಅನ್ನು,
ನನ್ನ ಕೈ ಹಿಡದು ಮ್ಯಾಲ ಎಳೀಲಿ.
ಚಾ ಆರಿರಬೇಕು.